ಹಾರುಗತ್ತೆಗೊಂದು ಚಿಲಕ

ಊರವರ ಬಾಗಿಲಿಗೆಲ್ಲ ಬೀಗ ಹಾಕಿಕೊಡುವವರ ಮನೆಯಲ್ಲಿ ಒಂದು ಕೋಣೆಗೂ ಒಳಚಿಲಕವಿರಲಿಲ್ಲ ಎಂದರೆ ಕೇಳಿದವರು ನಗುತ್ತಾರೆ. ನಗಲಿ, ಇದ್ದದ್ದು ಹಾಗೆಯೇ. ಮಗ ಇನ್ನೂ ಕೂಸಾಗಿದ್ದಾಗ ಒಮ್ಮೆ ಕೋಣೆಯ ಚಿಲಕ ಜಾರಿಸಿಕೊಂಡು ಒಳಗೆ ಸಿಕ್ಕಿಬಿದ್ದು ಉಸಿರುಗಟ್ಟುವಂತೆ ಅತ್ತಿದ್ದ. ಬೀಗದ ಕೆಲಸದಲ್ಲಿ ತಮ್ಮನ್ನು ಮೀರಿಸುವವರಿಲ್ಲ ಎನ್ನುತ್ತಿದ್ದ ಯಜಮಾನರಿಗೆ ಆ ದಿನ ತಮ್ಮ ಮನೆಯ ಚಿಲಕವನ್ನೇ ತೆರೆಯಲಾಗಲಿಲ್ಲ. ಕೊಡಲಿ ತಂದು ಬಾಗಿಲನ್ನೇ ಒಡೆಯಬೇಕಾಯಿತು, ಅದೂ ಬೀದಿಯವರೆಲ್ಲ ನೋಡುತ್ತಿದ್ದಂತೆ. ಆ ಅವಮಾನಕ್ಕೆ ಸಂಜೆಯೊಳಗೆ ಮನೆಯ ಚಿಲಕಗಳನ್ನೆಲ್ಲ ಬಿಚ್ಚಿ ಡಬ್ಬಕ್ಕೆ ಹಾಕಿದರು. ಬಚ್ಚಲುಮನೆಯದೊಂದನ್ನು ಮಾತ್ರ ಅವರ ತಾಯಿ ಅಡ್ಡ ನಿಂತು ಉಳಿಸಿಕೊಂಡಳು. ಕಾಲ ಕಳೆದಂತೆ ಅವಮಾನ ಮರೆತುಹೋಗಿ ಜಂಭ ಉಳಿಯಿತು: "ನಮ್ಮನೇಲಿ ಮುಚ್ಚುಮರೆ ಅನ್ನೋದೇ ಇಲ್ಲ." ಫೋನಿಗೂ ಕಂಪ್ಯೂಟರಿಗೂ ಮನೆಮಂದಿಗೆಲ್ಲ ಒಂದೇ ಪಾಸ್‌ವರ್ಡು.

ಯಜಮಾನರ ಹೆಂಡತಿಯನ್ನು ಬೀದಿಯಲ್ಲಿ ಬೀಗದಮ್ಮ ಎನ್ನುತ್ತಿದ್ದರು. ಬೆಳಿಗ್ಗೆ ಅಡುಗೆ ಮುಗಿಸಿ, ಅತ್ತೆಗೆ ಮಾತ್ರೆ ಕೊಟ್ಟು, ಬಟ್ಟೆ ಒಗೆದು ಹಾಕಿ, ಊಟದ ಡಬ್ಬಿ ಹಿಡಿದು ಅಂಗಡಿಗೆ ಹೋಗುವಳು. ಗಂಡ, ಮಗ ಉಣ್ಣುವಷ್ಟು ಹೊತ್ತು ಗಲ್ಲಾದಲ್ಲಿ ಕೂತು ಮನೆಗೆ ಬರುವಳು. ದನಿ ಏರಿಸಿದ್ದನ್ನು ಯಾರೂ ಕೇಳಿರಲಿಲ್ಲ. "ನಮ್ಮಮ್ಮನ ಬಾಯಿಗೆ ಅಪ್ಪನ ಕೈಯಿಂದಾನೇ ಬೀಗ" ಎಂದು ಮಗ ತಮಾಷೆ ಮಾಡಿದರೆ ಅವಳೂ ನಗುತ್ತಿದ್ದಳು. ನಗದೆ ಇನ್ನೇನು ಮಾಡುವುದು?

ಬೀಗದಮ್ಮ ಕಾಲು ಮುರಿದುಕೊಂಡು ಮಲಗಿದ್ದ ವರ್ಷ, ಬೇಜಾರು ಕಳೆಯಲಿ ಎಂದು ಸೊಸೆ ಅವಳಿಗೆ ಹಳೆಯ ಕಂಪ್ಯೂಟರಿನಲ್ಲಿ ಒಂದು ಆಟದ ಊರು ತೋರಿಸಿಕೊಟ್ಟಿದ್ದಳು. ಅಲ್ಲಿ ಬೀದಿಗಳಿವೆ, ಕೆರೆಯಿದೆ, ಗಡಿಯಾರದ ಗೋಪುರವಿದೆ. ಎಲ್ಲೆಲ್ಲಿಯೋ ಕೂತ ಸಾವಿರಾರು ಜನ ಬೇಕಾದ ರೂಪ, ಬೇಕಾದ ಹೆಸರು, ಬೇಕಾದ ದನಿ ತೊಟ್ಟುಕೊಂಡು ಅಲ್ಲಿ ಓಡಾಡುತ್ತಾರೆ, ಮಾತಾಡುತ್ತಾರೆ. ರೂಪದ ಹಿಂದೆ ಯಾರಿದ್ದಾರೆಂದು ಕೇಳುವಂತಿಲ್ಲ. ಅದು ಆ ಊರಿನ ಕಟ್ಟಳೆ. ಸೊಸೆ ಚೆಂದಚೆಂದದ ರಾಣಿಯರನ್ನು ತೋರಿಸಿದಳು. ಬೀಗದಮ್ಮ ರೆಕ್ಕೆಯಿದ್ದ ಕತ್ತೆಯೊಂದನ್ನು ಆರಿಸಿಕೊಂಡಳು.

"ಅತ್ತೆ, ಕತ್ತೆ ಯಾಕೆ?"

"ದುಡಿಯೋದಂತೂ ಇದ್ದಿದ್ದೇ. ರೆಕ್ಕೆನಾದ್ರೂ ಇರ್ಲಿ."

ಹೆಸರು ಹಾರುಗತ್ತೆ. ದನಿ ಗಂಟಲು ಕಟ್ಟಿದ ಗಂಡಸಿನದು. ಕಾಲು ಕೂಡಿಕೊಂಡ ಮೇಲೆ ಆಟ ನಿಂತಿತೆಂದು ಸೊಸೆ ತಿಳಿದಿದ್ದಳು. ನಿಂತಿರಲಿಲ್ಲ. ಅಂಗಡಿಯಿಂದ ಬಂದು, ಅತ್ತೆ ಮಲಗಿದ ಮೇಲೆ, ಇಸ್ತ್ರಿ ಬಟ್ಟೆಯೂ ಹಳೇ ಬೀಗಗಳೂ ತುಂಬಿದ ಹಿಂದಿನ ಕೋಣೆಯಲ್ಲಿ ಬೀಗದಮ್ಮ ಕಿವಿಗೆ ಹೆಡ್‌ಫೋನ್ ಏರಿಸುತ್ತಿದ್ದಳು. ಅಲ್ಲಿ ಗಡಿಯಾರದ ಗೋಪುರದ ಮೇಲೆ ಕತ್ತೆ ಕೂತು ಬಂದವರನ್ನೆಲ್ಲ ಬೈಯುತ್ತಿತ್ತು. ಮೊದಮೊದಲು ತಮಾಷೆಗೆ. ಆಮೇಲೆ ಪರೀಕ್ಷೆಯಲ್ಲಿ ಫೇಲಾದವರು, ಕೆಲಸ ಕಳೆದುಕೊಂಡವರು, ಸಂಬಂಧ ಮುರಿದುಕೊಂಡವರು ತಾವಾಗಿಯೇ ಹುಡುಕಿಕೊಂಡು ಬರತೊಡಗಿದರು. "ಹಾರುಗತ್ತೆ ಹತ್ರ ಒಂದ್ಸಲ ಬೈಸ್ಕೊಂಡು ಬಾ, ಹಗುರ ಆಗುತ್ತೆ" ಎಂದು ಒಬ್ಬರು ಇನ್ನೊಬ್ಬರನ್ನು ಕಳಿಸುತ್ತಿದ್ದರು. ಮನೆಯಲ್ಲಿ ನುಂಗಿಕೊಂಡ ಮಾತುಗಳೆಲ್ಲ ಅಲ್ಲಿ ಸರಾಗವಾಗಿ ಬರುತ್ತಿದ್ದವು. ಅಲ್ಲಿ ಅವಳು ಯಾರ ಹೆಂಡತಿಯೂ ಅಲ್ಲ, ಯಾರ ತಾಯಿಯೂ ಅಲ್ಲ. ಇಡೀ ಜೀವಮಾನದಲ್ಲಿ ತನ್ನದೆಂದು ಸಿಕ್ಕಿದ್ದು ಅದೊಂದೇ.

ಬಂದವರಲ್ಲಿ ಬೂದಿಬೆಕ್ಕು ಎಂಬ ಹೆಸರಿನವಳೊಬ್ಬಳಿದ್ದಳು. ಅವಳು ಮಾತಾಡುತ್ತಿರಲಿಲ್ಲ, ಬರೆಯುತ್ತಿದ್ದಳು. ಮಾತಾಡಿದರೆ ಪಕ್ಕದ ಕೋಣೆಗೆ ಕೇಳುತ್ತದೆ ಎಂದು ಮೊದಲ ದಿನವೇ ಬರೆದಿದ್ದಳು. ಗಂಡ ಹೊಡೆಯುವುದು, ಸಂಬಳ ಕಿತ್ತುಕೊಳ್ಳುವುದು, ಹೊರಗೆ ಹೋದರೆ ಹಿಂದೆಯೇ ಬರುವುದು, ಎಲ್ಲ ಚೂರುಚೂರಾಗಿ ತಿಳಿಯಿತು. ಅವಳ ನಿಜವಾದ ಹೆಸರು ಬೀಗದಮ್ಮ ಕೇಳಲಿಲ್ಲ, ಅವಳು ಹೇಳಲಿಲ್ಲ. ಅವಳಿಗೆ ಮನೆ ಬಿಡುವಷ್ಟು ಧೈರ್ಯ ಬರುವಷ್ಟರಲ್ಲಿ ಕತ್ತೆಗೆ ಬೈದೂ ಬೈದೂ ಸಾಕಾಗಿತ್ತು.

ಆ ಮಧ್ಯಾಹ್ನ ಬೆಕ್ಕು ಬರೆದಿತ್ತು: "ಹಳದಿ ಚೀಲ ಹೊಲಿಗೆ ಅಂಗಡಿ ಅಕ್ಕನ ಹತ್ರ ಇಟ್ಟಿದೀನಿ. ಸಂಬಳದ ದಿನ ಆಚೆ ಬೀಳ್ತೀನಿ. ಅವನಿಗೆ ಅನುಮಾನ ಬರಬಾರದು, ಅದಕ್ಕೆ ಚಪ್ಪಲಿ ಮೆಟ್ಟಿಕೊಂಡೇ ಹೋಗ್ತೀನಿ."

ಬೀಗದಮ್ಮನಿಗೆ ಸಿಟ್ಟು ನೆತ್ತಿಗೇರಿತು. "ಏ ಪೆದ್ದೀ, ಚಪ್ಪಲೀಲಿ ಎಲ್ಲಿಗೆ ಓಡ್ತೀಯಾ? ಬೂಟು ಹಾಕ್ಕೊಳ್ಳೇ, ಬೂಟು! ಆ ಚೀಲದೊಳಗೆ ಒಂದು ಜೊತೆ ತುರುಕಿಡು!" ಎಂದು ಮೇಜು ಗುದ್ದಿ ಕೂಗಿದಳು.

ಹಿಂದೆ ಬಾಗಿಲಲ್ಲಿ ಮಗ ನಿಂತಿದ್ದ. ಯಾವುದೋ ಹಳೇ ಬೀಗ ಹುಡುಕಲು ಬಂದವನು. ಚಿಲಕವಿಲ್ಲದ ಬಾಗಿಲು ತಳ್ಳಿದರೆ ತೆರೆಯಿತು. ಬಾಯಿ ಸತ್ತವಳೆಂದುಕೊಂಡಿದ್ದ ತಾಯಿ ಪರದೆಯ ಮೇಲಿನ ಬೆಕ್ಕಿಗೆ ಮೇಜು ಗುದ್ದಿ ಬೈಯುತ್ತಿದ್ದಾಳೆ! ಅವನಿಗೆ ನಗು ತಡೆಯಲಾಗಲಿಲ್ಲ. ಫೋನು ಎತ್ತಿ ಹಿಡಿದ.

ಜಾಮಾದ ಬೀಗ ತೆರೆಯುವ ವಿಡಿಯೋಗಳನ್ನು ಹಾಕಲು ಅಂಗಡಿಯ ಹೆಸರಿನಲ್ಲಿ ಅವನೊಂದು ಪುಟ ನಡೆಸುತ್ತಿದ್ದ. ಇದನ್ನೂ ಅದಕ್ಕೇ ಹಾಕಿದ. ಮೇಲೆ, "ನಮ್ಮಮ್ಮನೇ ಹಾರುಗತ್ತೆ!" ಕೆಳಗೆ, ಎಂದಿನಂತೆ, ಅಂಗಡಿಯ ವಿಳಾಸ.

ಎರಡು ದಿನವಾದ ಮೇಲೆ ಊಟದ ಮೇಜಿನಲ್ಲಿ ವಿಷಯ ಹೊರಬಿತ್ತು. ಬೀಗದಮ್ಮ ಆಲೂಗಡ್ಡೆ ಪಲ್ಯ ಬಡಿಸುತ್ತಿದ್ದಳು.

"ಅಮ್ಮಾ, ನೀನೀಗ ಫೇಮಸ್ಸು," ಎಂದು ಮಗ ಫೋನನ್ನು ಅವಳ ಮುಖದ ಮುಂದೆ ಹಿಡಿದ.

ತನ್ನದೇ ಬೆನ್ನು, ತನ್ನದೇ ನರೆತ ತುರುಬು, ತನ್ನದೇ ದನಿ. ಯಜಮಾನರು ನಕ್ಕೂ ನಕ್ಕೂ ಕೆಮ್ಮಿದರು. ಸೊಸೆಯೂ ನಕ್ಕಳು. ಬೀಗದಮ್ಮ ನೋಡಿದ್ದು ತನ್ನನ್ನಲ್ಲ. ತನ್ನ ಹೆಗಲ ಪಕ್ಕದಲ್ಲಿ ಪರದೆ ಕಾಣುತ್ತಿತ್ತು. ಅದರ ಮೇಲೆ ಹಳದಿ ಚೀಲ, ಹೊಲಿಗೆ ಅಂಗಡಿ, ಸಂಬಳದ ದಿನ, ಎಲ್ಲ ಅಕ್ಷರ ಅಕ್ಷರವಾಗಿ. ಸೌಟು ಪಾತ್ರೆಯೊಳಗೆ ಬಿತ್ತು.

"ತೆಗಿ ಅದನ್ನ."

"ಯಾಕಮ್ಮಾ? ಎಷ್ಟು ಜನ ನೋಡಿದಾರೆ ಗೊತ್ತಾ? ಅಂಗಡಿಗೆ ಗಿರಾಕಿ ಬರ್ತಾರೆ."

"ತೆಗಿ ಅಂದೆ!"

ಆ ದನಿ ಆ ಮನೆ ಹಿಂದೆಂದೂ ಕೇಳಿರಲಿಲ್ಲ. ಯಜಮಾನರು ಹುಬ್ಬು ಗಂಟಿಕ್ಕಿದರು. "ಏನೀಗ ಆಗಬಾರದ್ದು ಆಗಿರೋದು? ಆಟ ತಾನೇ? ಕಳ್ಳತನ ಮಾಡಿದ್ಯಾ ಬಚ್ಚಿಡೋಕೆ? ನಮ್ಮನೇಲಿ ಮುಚ್ಚುಮರೆ..."

"ಆ ಮಾತು ಇನ್ನೊಂದ್ಸಲ ಆಡಿದ್ರೆ ಈ ಪಾತ್ರೆ ನಿಮ್ಮ ತಲೆ ಮೇಲೆ ಇರುತ್ತೆ ರೀ. ಅಲ್ಲೊಬ್ಬಳ ಜೀವ ಇದೆ. ಓದಿ, ಕಣ್ಣಿದ್ರೆ ಓದಿ!"

ಓದಿದರು. ನಗು ನಿಂತಿತು. ಮಗ ಗೊಣಗುತ್ತ ವಿಡಿಯೋ ತೆಗೆದುಹಾಕಿದ. ಏನು ಪ್ರಯೋಜನ? ಅಷ್ಟರೊಳಗೆ ಅದನ್ನು ಇಳಿಸಿಕೊಂಡವರು, ಹಂಚಿಕೊಂಡವರು, ಅದಕ್ಕೆ ಸಂಗೀತ ಸೇರಿಸಿದವರು ಎಷ್ಟೋ ಜನ. ಮರುದಿನ ತರಕಾರಿ ಅಂಗಡಿಯವನೇ ಹಲ್ಲು ಕಿರಿಯುತ್ತ "ಬೂಟು ಹಾಕ್ಕೊಳ್ಳೇ, ಬೂಟು!" ಎಂದ. ಬಸ್ಸಿನಲ್ಲಿ ಇಬ್ಬರು ಹುಡುಗಿಯರು ಅವಳನ್ನೇ ನೋಡಿ ಪಿಸುಗುಟ್ಟಿಕೊಂಡು ನಕ್ಕರು. ಅವಳ ಮೈಯೆಲ್ಲ ಉರಿದುಹೋಯಿತು. ಒಬ್ಬಳು ಪ್ರಾಣ ಉಳಿಸಿಕೊಳ್ಳಲಿ ಎಂದು ಆಡಿದ ಮಾತು ಊರ ಬಾಯಲ್ಲಿ ಜೋಕಾಗಿತ್ತು.

ವಿಡಿಯೋ ನೋಡಿದ ರಾತ್ರಿಯೇ ಅವಳು ಆಟದ ಊರಿಗೆ ಹೋಗಿ ಬೆಕ್ಕಿಗೆ ಹೇಳಿಟ್ಟಿದ್ದಳು: "ಚೀಲದ ಜಾಗ ಬದಲಾಯಿಸು. ಸಂಬಳದ ದಿನ ಕಾಯಬೇಡ." ಉತ್ತರ ಬರಲಿಲ್ಲ. ಮರುದಿನವೂ ಇಲ್ಲ. ಬೆಕ್ಕು ಓದಿತೋ ಇಲ್ಲವೋ ಅದೂ ಗೊತ್ತಾಗಲಿಲ್ಲ. ಹುಡುಕೋಣವೆಂದರೆ ಯಾವ ಊರು, ಯಾವ ಬೀದಿ, ಏನು ಹೆಸರು?

ಗೋಪುರದ ಮೇಲೆ ಜನ ಮಾತ್ರ ಹೆಚ್ಚಾದರು. ಬೈಸಿಕೊಳ್ಳಲು ಬಂದವರಲ್ಲ.

"ಆಂಟಿ, ನಮಸ್ಕಾರ. ನಿಮ್ಮ ವಯಸ್ಸಲ್ಲಿ ಕಂಪ್ಯೂಟರ್ ಕಲ್ತಿದೀರಲ್ಲ, ಗ್ರೇಟ್!"

"ಅಮ್ಮಾ, ನಮ್ಮಮ್ಮನೂ ಥೇಟ್ ನಿಮ್ಮ ಥರಾನೇ."

"ಒಂದ್ಸಲ ಬೂಟು ಡೈಲಾಗ್ ಹೇಳಿ ಅಮ್ಮಾ, ರೆಕಾರ್ಡ್ ಮಾಡ್ಕೋತೀನಿ."

ವರ್ಷಗಟ್ಟಲೆ ಬೈಸಿಕೊಂಡು ಹಗುರಾಗಿದ್ದವರೇ ಈಗ ಕೈಮುಗಿದು ದೂರ ನಿಂತರು. ಹಳಬನೊಬ್ಬ, "ಕ್ಷಮಿಸಿ, ನನ್ನ ವಿಷಯಾನೂ ನಿಮ್ಮ ಮಗ ಓದಿದಾನಾ?" ಎಂದು ಕೇಳಿ ಹೋದವನು ತಿರುಗಿ ಬರಲಿಲ್ಲ. ಕತ್ತೆ ಬೈದರೆ "ಅಮ್ಮ ಬೈದ್ರು" ಎಂದು ಮುದ್ದು ಮಾಡುತ್ತಿದ್ದರು. ಅಮ್ಮನಾಗಿರುವುದಕ್ಕೆ ಅವಳಿಗೆ ಮನೆಯಿತ್ತು, ಅಲ್ಲಿ ಸಾಕಷ್ಟು ಆಗಿತ್ತು. ಅಲ್ಲಿಯದನ್ನು ತಪ್ಪಿಸಿಕೊಳ್ಳಲು ಇಲ್ಲಿಗೆ ಬಂದರೆ ಮನೆಯೇ ಬೆನ್ನಟ್ಟಿ ಬಂದು ಗೋಪುರ ಹತ್ತಿತ್ತು. ಅವಳು ಕಂಪ್ಯೂಟರು ಆರಿಸಿ, ಹಳೇ ಬೀಗಗಳ ನಡುವೆ ಕೂತು ಹೊಟ್ಟೆತುಂಬ ಅತ್ತಳು. ಅಲ್ಲಿಗೂ ಯಜಮಾನರು ಬಾಗಿಲು ತಳ್ಳಿಕೊಂಡು ಬಂದು, "ನನ್ನ ಬಿಳಿ ಅಂಗಿ ಇಸ್ತ್ರಿ ಆಯ್ತಾ?" ಎಂದರು.

ಆಗಲಿಲ್ಲ. ಆ ವಾರ ಯಾರ ಅಂಗಿಯೂ ಇಸ್ತ್ರಿಯಾಗಲಿಲ್ಲ.

ಮುಂದಿನ ವಾರ ಒಂದು ದಿನ ಊಟಕ್ಕೆ ಕೂತಾಗ ಅವಳು ಬಡಿಸಲಿಲ್ಲ. ಮಗನ ಫೋನು ಮೇಜಿನ ಮೇಲಿತ್ತು. ಎತ್ತಿಕೊಂಡು, ಮನೆಮಂದಿಯದೆಲ್ಲ ಒಂದೇ ಪಾಸ್‌ವರ್ಡು ಒತ್ತಿ, ಗಟ್ಟಿಯಾಗಿ ಓದತೊಡಗಿದಳು.

"'ಮಚ್ಚಾ, ಮುದುಕ ಇನ್ನೆಷ್ಟು ದಿನ ಕೀಲಿ ಉಜ್ಜುತ್ತಾನೆ? ಅವನು ಮನೇಲಿ ಕೂತ ಕೂಡಲೇ ಅಂಗಡಿ ಎತ್ತಿಸಿ ಮೊಬೈಲ್ ಶೋರೂಮ್ ಹಾಕ್ತೀನಿ.' ಇದು ಯಾರಿಗೆ ಬರೆದಿದ್ದು ಮಗನೇ?"

ಯಜಮಾನರ ಕೈಯಲ್ಲಿದ್ದ ತುತ್ತು ಅಲ್ಲಿಯೇ ನಿಂತಿತು. "ಮುದುಕ ಅಂದ್ರೆ ಯಾರೋ?"

"ಅಪ್ಪಾ, ಅದು ಸುಮ್ನೆ... ಅಮ್ಮಾ, ಕೊಡು ಫೋನು!"

"ಇರು, ಇನ್ನೂ ಇದೆ. 'ನನ್ನ ಹೆಂಡ್ತಿಗೆ ಹೇಳ್ಬೇಡ, ಅವಳ ಬಳೆ...'"

"ನನ್ನ ಬಳೆ ಏನು?" ಎಂದು ಸೊಸೆ ಎದ್ದು ನಿಂತಳು.

"ಅಮ್ಮಾ! ಅದು ನನ್ನ ಸ್ವಂತದ್ದು! ಬೇರೆಯವರದ್ದು ಓದೋಕೆ ನಾಚ್ಕೆ ಆಗಲ್ವಾ?"

ಬೀಗದಮ್ಮ ಫೋನನ್ನು ಮೇಜಿನ ಮೇಲೆ ಕುಕ್ಕಿದಳು. "ಹೌದಾ? ಸ್ವಂತದ್ದು ಅಂತ ಒಂದಿದೆಯಾ ಈ ಮನೇಲಿ? ನಂಗೆ ಇಷ್ಟು ವರ್ಷ ಯಾರೂ ಹೇಳ್ಲೇ ಇಲ್ವಲ್ಲೋ!"

ಆ ರಾತ್ರಿಯೂಟ ಹಾಳಾಯಿತು. ಅಪ್ಪ ಮಗನ ಮೇಲೆ ಕೂಗಾಡಿದ, ಮಗ ತಾಯಿಯ ಮೇಲೆ ಕೂಗಾಡಿದ, ಸೊಸೆ ಗಂಡನ ಮೇಲೆ ಕೂಗಾಡಿದಳು. ಮೂಲೆಯ ಕುರ್ಚಿಯಲ್ಲಿ ಮೊಟ್ಟೆ ಸುಲಿಯುತ್ತಿದ್ದ ಅಜ್ಜಿ ಎಲ್ಲರೂ ಉಸಿರು ತೆಗೆದುಕೊಳ್ಳಲು ನಿಂತಾಗ ಯಜಮಾನರ ಕಡೆ ತಿರುಗಿ ಬಾಯಿಬಿಟ್ಟಳು.

"ಲೋ, ನಾನು ಬಚ್ಚಲ ಚಿಲಕಕ್ಕೆ ಯಾಕೆ ಜಗಳ ಆಡ್ದೆ ಗೊತ್ತಾ? ನಿಮ್ಮಪ್ಪನ ಮೇಲೆ ಕೋಪ ಬಂದಾಗ ನಲ್ಲಿ ಬಿಟ್ಕೊಂಡು ಅಲ್ಲಿ ನಿಂತು ಅವನ್ನ ಬಾಯಿಗೆ ಬಂದಂಗೆ ಬೈತಿದ್ದೆ. ಅದೊಂದು ಇಲ್ದಿದ್ರೆ ಯಾವತ್ತೋ ತಲೆ ಕೆಟ್ಟು ಹೋಗ್ತಿತ್ತು. ಇವಳಿಗೆ ಅದೂ ಇಲ್ಲ. ಬಚ್ಚಲಿಗೆ ಹೋದ್ರೂ ನೀನು ಹೊರಗಿಂದ ಟವೆಲ್ ಎಲ್ಲಿ ಅಂತ ಕೂಗ್ತೀಯಾ."

ಯಜಮಾನರು ತಾಯಿಯನ್ನು ನೋಡಿದರು, ಹೆಂಡತಿಯನ್ನು ನೋಡಿದರು, ಎದ್ದು ಕೈ ತೊಳೆದರು. ಒಪ್ಪಿಕೊಂಡಂತೇನೂ ಕಾಣಲಿಲ್ಲ.

ಅದಾಗಿ ಸ್ವಲ್ಪ ದಿನಕ್ಕೆ, ಬೀಗದಮ್ಮ ಎಂದಿನಂತೆ ಊಟದ ಡಬ್ಬಿ ಹಿಡಿದು ಅಂಗಡಿ ಹತ್ತಿದಾಗ ಒಬ್ಬ ಗಿರಾಕಿ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ, ಮೆತ್ತನೆಯ ಮಾತು. ಒಂದು ಬೀಗ ಕೊಂಡು ದುಡ್ಡು ಕೊಟ್ಟಿದ್ದ. ಮಗ ಕೀಲಿ ಕೊರೆಯುವ ಮಿಷನ್ನು ನಿಲ್ಲಿಸಿ ಅವನ ಮಾತು ಕೇಳುತ್ತಿದ್ದ. ಯಜಮಾನರೂ ಕನ್ನಡಕ ಮೇಲಕ್ಕೆತ್ತಿ ಕೇಳುತ್ತಿದ್ದರು.

"...ನಮ್ಮನೆಯವಳು, ಸಾರ್. ಮನಸ್ಸಿಗೆ ಅಷ್ಟು ಹುಷಾರಿಲ್ಲ. ಯಾರೋ ತಲೆ ಕೆಡಿಸಿ ಮನೆ ಬಿಡಿಸಿದಾರೆ. ನಿಮ್ಮ ವಿಡಿಯೋ ನೋಡಿ ಗೊತ್ತಾಯ್ತು. ಹಳದಿ ಚೀಲ ನಂಗೆ ಸಿಕ್ತು. ಅವಳು ಸಿಗ್ಲಿಲ್ಲ. ಬರೀ ಚಪ್ಪಲೀಲಿ ಹೋಗಿದಾಳೆ ಪಾಪ, ಕೈಯಲ್ಲಿ ಕಾಸೂ ಇಲ್ಲ. ನಿಮ್ಮ ತಾಯಿಗೆ ಏನಾದ್ರೂ ಬರೆದಿರ್ತಾಳೆ. ಒಂದ್ಸಲ ತೋರಿಸಿದ್ರೆ..."

"ಪಾಪ," ಎಂದರು ಯಜಮಾನರು.

"ತೋರಿಸ್ಬಹುದು ಸಾರ್," ಎಂದು ಮಗ ಫೋನು ತೆಗೆದ. "ಅಮ್ಮಂದೂ ನಮ್ಮೆಲ್ಲರದ್ದೂ ಒಂದೇ ಪಾಸ್‌ವರ್ಡು."

ಊಟದ ಡಬ್ಬಿ ಗಲ್ಲಾದ ಮೇಲೆ ದಡಾರನೆ ಬಿತ್ತು. ಬೀಗದಮ್ಮನ ಕಣ್ಣು ಕೆಂಡವಾಗಿತ್ತು.

"ಇಡು ಫೋನು. ಇಡೋ ಕೆಳಗೆ!"

ಮಗ ಇಟ್ಟ. ಅವಳು ಗಂಡನ ಕಡೆ ತಿರುಗಿದಳು. "ರೀ, ಹಿಂದಿನ ಬೀದಿ ಹೆಂಗಸು ಬಾಗಿಲಿಗೆ ಯಾವ ಬೀಗ ತಗೊಂಡ್ಲು, ಎಷ್ಟು ಕೀಲಿ ಮಾಡಿಸಿದ್ಲು ಅಂತ ಈ ಮನುಷ್ಯ ಬಂದು ಕೇಳಿದ್ರೆ ಹೇಳ್ತೀರಾ?"

ಯಜಮಾನರ ಮುಖ ಬದಲಾಯಿತು. ಅಂಗಡಿ ತೆರೆದಂದಿನಿಂದ ಅವರು ಒಬ್ಬರ ಬೀಗದ ಸಂಗತಿ ಇನ್ನೊಬ್ಬರಿಗೆ ಹೇಳಿದವರಲ್ಲ. ಗಂಡ ಬಂದು ಹೆಂಡತಿಯ ಪೆಟ್ಟಿಗೆಗೆ ಡೂಪ್ಲಿಕೇಟ್ ಕೀ ಕೇಳಿದರೂ, "ಅವರನ್ನೇ ಕರ್ಕೊಂಡು ಬನ್ನಿ" ಎನ್ನುವವರು. ಅದು ಅವರ ಕಸುಬಿನ ಮರ್ಯಾದೆ. ಎಲ್ಲರೆದುರು ಹೇಳಿಕೊಂಡು ಮೆರೆಯುವ ಮಾತು.

"ಹೇಳಲ್ಲ," ಎಂದರು.

"ಪರರ ಪೆಟ್ಟಿಗೆಗೆ ಅಷ್ಟು ಮರ್ಯಾದೆ. ಹೆಂಡತಿ ಪೆಟ್ಟಿಗೆ ಯಾರು ಬೇಕಾದ್ರೂ ತೆಗೀಬಹುದಾ? ಅದರೊಳಗೆ ಇರೋದು ನಂದಲ್ಲ ರೀ. ನಂಬಿ ಇಟ್ಟವಳದ್ದು!"

ಅಂಗಿಯವನು ಮೆತ್ತಗೆ ನಕ್ಕ. "ಅಮ್ಮಾ, ಇದು ಗಂಡ ಹೆಂಡತಿ ವಿಷಯ. ನೀವು ಮಧ್ಯೆ ಮೂಗು ತೂರಿಸ್ಬೇಡಿ."

"ಅಮ್ಮ ಯಾರೋ ನಿಂಗೆ?" ಬೀಗದಮ್ಮನ ಗಂಟಲಿನಿಂದ ಗೋಪುರದ ಮೇಲಿನ ದನಿಯೇ ಬಂತು, ಅದಕ್ಕೆ ಯಾವ ಯಂತ್ರವೂ ಬೇಕಾಗಲಿಲ್ಲ. "ಹೊಡೆದೂ ಹೊಡೆದೂ ಓಡ್ಸಿದ್ದಲ್ದೆ ಈಗ ಹುಡುಕ್ಕೊಂಡು ಬಂದಿದೀಯಾ? ಅವಳ ಬಟ್ಟೆ ಚೀಲಾನೂ ಕಿತ್ತಿಟ್ಕೊಂಡು ಪಾಪ ಅಂತೀಯಾ? ಈ ಬೀಗ ಯಾರ ಬಾಗಿಲಿಗೋ? ಅವಳನ್ನ ಒಳಗೆ ಹಾಕೋಕಾ?"

ಬೀದಿಯಲ್ಲಿ ಜನ ನಿಂತರು. ಅವನ ಮೆತ್ತಗಿನ ದನಿ ಕಳಚಿಬಿತ್ತು. "ಪೊಲೀಸಿಗೆ ದೂರು ಕೊಡ್ತೀನಿ, ನೋಡ್ತಿರು."

"ಕೊಡು, ನಾನೂ ಬರ್ತೀನಿ. ನೀನು ಹೇಗೆ ಹೊಡೀತಿದ್ದೆ ಅಂತ ಅವಳು ದಿನ ದಿನ ಬರೆದಿದಾಳೆ. ಅದನ್ನ ಅಲ್ಲೇ ಓದೋಣ, ನಡಿ!"

ಯಜಮಾನರು ಗಲ್ಲಾದಿಂದ ಅವನ ದುಡ್ಡು ತೆಗೆದು ಮುಂದಿಟ್ಟರು, ಅವನ ಕೈಯಿಂದ ಬೀಗ ಕಿತ್ತುಕೊಂಡರು. "ಇಲ್ಲಿ ನಿಮಗೆ ಬೀಗ ಇಲ್ಲ. ಹೊರಡಿ," ಎಂದರು. ಅವನು ಕಣ್ಣು ಕೆಕ್ಕರಿಸಿಕೊಂಡು ಇಳಿದು ಹೋದ.

ಮಗ ತಲೆ ತಗ್ಗಿಸಿದ್ದ. "ಅಮ್ಮಾ, ನಂಗೆ ಗೊತ್ತಿರ್ಲಿಲ್ಲ..."

"ಗೊತ್ತಿರ್ಲಿಲ್ಲ! ಅವಳ ಚೀಲ ಅವನ ಕೈಗೆ ಕೊಟ್ಟಿದ್ದು ಯಾರು? ನೀನು. ಅವಳು ಚಪ್ಪಲೀಲಿ ಓಡೋ ಹಾಗೆ ಮಾಡಿದ್ದು ಯಾರು? ನೀನು. ನಗೋ ಈಗ. ಬೂಟು ಡೈಲಾಗ್ ಹೇಳ್ಲಾ, ನಗ್ತೀಯಾ?"

ಬೈದರೂ ಅವಳ ಸಿಟ್ಟು ಕಡಿಮೆಯಾಗಲಿಲ್ಲ. ಬೆಕ್ಕು ಬದುಕಿದೆ ಎಂಬುದೊಂದು ತಿಳಿಯಿತು. ಎಲ್ಲಿ, ಯಾರ ಮನೆಯಲ್ಲಿ, ಹೊಟ್ಟೆಗೆ ಏನು, ಯಾವುದೂ ತಿಳಿಯಲಿಲ್ಲ. ಇನ್ನೆಂದಿಗೂ ಬೂದಿಬೆಕ್ಕಾಗಿ ಆ ಊರಿಗೆ ಅವಳು ಬರುವುದಿಲ್ಲ. ಬಂದರೂ ಹಾರುಗತ್ತೆಯನ್ನು ನಂಬುವುದಿಲ್ಲ. ಯಾಕಾದರೂ ನಂಬಬೇಕು?

ಸಂಜೆ ಯಜಮಾನರು ಆ ಹಳೇ ಡಬ್ಬ ಇಳಿಸಿ, ತುಕ್ಕು ಹಿಡಿದ ಚಿಲಕವೊಂದನ್ನು ಉಜ್ಜಿ ಎಣ್ಣೆ ಬಿಟ್ಟು, ಸ್ಕ್ರೂಡ್ರೈವರ್ ಹಿಡಿದು ಹಿಂದಿನ ಕೋಣೆಗೆ ಬಂದರು. ಬೀಗದಮ್ಮ ಅದನ್ನು ಅವರ ಕೈಯಿಂದ ಕಸಿದುಕೊಂಡಳು.

"ಕೊಡಿ, ನಾನು ಹಾಕ್ಕೋತೀನಿ."

"ಸೊಟ್ಟ ಆಗುತ್ತೆ."

"ಆಗ್ಲಿ."

ಅವರು ಸ್ಕ್ರೂ ಒಂದೊಂದಾಗಿ ಕೊಡುತ್ತ ನಿಂತರು. "ಒಳಗಿಂದ ಹಾಕಿದ್ರೆ ಹೊರಗಿನವರು ತೆಗೆಯೋಕಾಗಲ್ಲ," ಎಂದರು ಮೆಲ್ಲಗೆ.

"ನಿಮಗೆ ತೆಗೆಯೋಕೆ ಬರುತ್ತೆ."

"ಬರುತ್ತೆ. ತೆಗೆಯಲ್ಲ."

ಸೊಸೆ ಬಾಗಿಲಲ್ಲಿ ಇಣುಕಿದಳು. "ಮಾವ, ಡಬ್ಬದಲ್ಲಿ ಇನ್ನೊಂದಿದ್ರೆ ನಮ್ಮ ರೂಮಿಗೂ ಬೇಕಿತ್ತು. ಪಾಸ್‌ವರ್ಡಂತೂ ನಾನು ಆಗ್ಲೇ ಬದಲಾಯಿಸಿಬಿಟ್ಟೆ."

ಬೀಗದಮ್ಮ ಮೊದಲು ಬೆಕ್ಕಿನ ಮಾತುಗಳಷ್ಟನ್ನೂ ಯಾರ ಕೈಗೂ ಸಿಗದಂತೆ ಅಳಿಸಿದಳು. ಪೊಲೀಸಿಗೆ ಓದುತ್ತೇನೆ ಎಂದದ್ದು ಬರೀ ಬೆದರಿಕೆ. ಅವಳನ್ನು ಕೇಳದೆ ಅವಳ ಮಾತು ಯಾರಿಗೂ ಓದುವುದಿಲ್ಲ. ಆಮೇಲೆ ಹಾರುಗತ್ತೆಯನ್ನೂ ಅಳಿಸಿದಳು. ಅಳಿಸುವಾಗ ಕೈ ತಡೆಯಿತು, ಕಣ್ಣು ತುಂಬಿತು. ಮಗನಿಗೊಂದಿಷ್ಟು ಶಾಪ ಹಾಕಿ ಗುಂಡಿ ಒತ್ತಿದಳು. ಬೇರೊಂದು ರೂಪ, ಬೇರೊಂದು ದನಿ, ಬೇರೊಂದು ಹೆಸರು ಆರಿಸಿಕೊಂಡಳು. ಏನು ಹೆಸರು ಎಂದು ನೀವೂ ಕೇಳಬೇಡಿ, ಹೇಳುವುದಿಲ್ಲ. ಅದೇ ಆಟದ ಊರಿನ ಇನ್ನೊಂದು ಮೂಲೆಯಲ್ಲಿ ಯಾರಿಗೂ ಪರಿಚಯವಿಲ್ಲದವಳಾಗಿ ಹೋಗಿ ಕೂತಳು. ದಾರಿಯಲ್ಲಿ ಹೋಗುವವರನ್ನೆಲ್ಲ ಒಬ್ಬೊಬ್ಬರಾಗಿ ನೋಡುತ್ತಿದ್ದಳು. ಯಾವುದೋ ಹಕ್ಕಿಯೋ ಮೀನೋ ಆಗಿ ಆ ಬೂದಿಬೆಕ್ಕಿನವಳೇ ಮುಂದೆ ಹಾದುಹೋದರೂ ಗೊತ್ತಾಗುವುದಿಲ್ಲ, ಅವಳಿಗೂ ಇವಳು ಗೊತ್ತಾಗುವುದಿಲ್ಲ. ಆದರೂ ಕೂತಳು.

ಬಾಗಿಲ ಹಿಡಿಕೆ ಅಲ್ಲಾಡಿತು. ಅಭ್ಯಾಸ, ಮಗ ತಳ್ಳಿದ್ದ. ಬಾಗಿಲು ತೆರೆಯಲಿಲ್ಲ. ಆಮೇಲೆ ಆ ಮನೆಯಲ್ಲಿ ಯಾರೂ ಮಾಡದಿದ್ದ ಕೆಲಸ ಮಾಡಿದ. ಬಾಗಿಲು ತಟ್ಟಿದ.

"ಅಮ್ಮಾ... ಊಟಕ್ಕೆ ಬರ್ತೀಯಾ? ನಾನು ಬಡಿಸಿದೀನಿ."

ಬೀಗದಮ್ಮ ಸೊಟ್ಟಗೆ ಕೂತಿದ್ದ ಚಿಲಕದ ಕಡೆ ನೋಡಿದಳು. ಏಳಲಿಲ್ಲ. ಅವನು ಮತ್ತೆ ತಟ್ಟಿದ.

ತಟ್ಟಲಿ.